ಲವೀನಾಳ ಸರ, ನನ್ನ ಅಂಟುವಾಳದ ಕಾಯಿ

ಇವತ್ತು ಬೆಳಿಗ್ಗೆ ಇಂಗಿನ ಡಬ್ಬಿ ಹುಡುಕುತ್ತಾ ಸ್ಟೂಲು ಹತ್ತಿ ಅಡುಗೆಮನೆಯ ಮೇಲಿನ ಕಪಾಟಿಗೆ ಕೈ ಹಾಕಿದೆ. ಇಂಗು ಸಿಗಲಿಲ್ಲ. ಹಿಂದಿನ ಮೂಲೆಯಲ್ಲಿ, ಹೋದ ವರ್ಷ ನಾನೇ ಬಚ್ಚಿಟ್ಟಿದ್ದ ಒಂದು ಬಾಟಲಿ ಕೈಗೆ ಬಂತು. ಒಳಗೆ ಅಂಟುವಾಳದ ಕಾಯಿ. ಮೈಸೂರಿನಿಂದ ಹೊರಡುವಾಗ ಅಮ್ಮ ಸೂಟ್‌ಕೇಸಿನ ಸಂದಿಯಲ್ಲಿ ತುರುಕಿ ಕಳಿಸಿದ್ದು. ಏರ್‌ಪೋರ್ಟಿನಲ್ಲಿ ಯಾರಾದರೂ ಕೇಳಿದರೆ ಸೋಪು ಅಂತ ಹೇಳು ಅಂದಿದ್ದಳು. ಯಾರೂ ಕೇಳಲಿಲ್ಲ. ಕೇಳಿ ಕಿತ್ತುಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು.

ನಿನ್ನೆಯಷ್ಟೇ ವರಮಹಾಲಕ್ಷ್ಮಿ ಹಬ್ಬ ಮುಗಿದಿದೆ. ಕಳಶ ಇನ್ನೂ ಕದಲಿಸಿರಲಿಲ್ಲ. ಲಕ್ಷ್ಮಿಯ ಕೊರಳಲ್ಲಿ ಲವೀನಾಳ ಸರ ಇನ್ನೂ ಇತ್ತು, ಸಾಯಂಕಾಲ ನಾಲ್ಕಕ್ಕೆ ಬಂದು ತಗೊಂಡು ಹೋಗ್ತೀನಿ ಅಂದಿದ್ದಳು. ಬಾಟಲಿ ಹಿಡಿದುಕೊಂಡು ಸ್ಟೂಲಿನ ಮೇಲೆ ನಿಂತವಳಿಗೆ ಕಿವಿ ಬಿಸಿಯಾಯಿತು. ಯಾಕೆ ಅಂತ ಹೇಳುತ್ತೇನೆ, ನೀವು ಮಾತ್ರ ಇನ್ನೊಬ್ಬರ ಹತ್ತಿರ ಹೇಳಬೇಡಿ. ಹೇಳಿದರೂ ಪರವಾಗಿಲ್ಲ ಬಿಡಿ, ಸ್ವೀಡನ್ನಿನ ಈ ನಮ್ಮ ಸೋಡರ್‌ಟೆಲ್ಯೆಯಿಂದ ಎಸ್ಕಿಲ್‌ಸ್ಟುನಾವರೆಗೆ ಇರುವ ಕನ್ನಡದವರಿಗೆಲ್ಲ ಆಗಲೇ ಗೊತ್ತಾಗಿದೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಹೊಟ್ಟೆಕಿಚ್ಚು ಜಾಸ್ತಿ. ಕೆಲವರಿಗೆ ಧೂಳು ಕಂಡರೆ ಸೀನು ಬರುತ್ತದೆ, ಹಾಗೆ ನನಗೆ ಬೇರೆಯವರ ಮೈಮೇಲೆ ಒಳ್ಳೆಯ ಒಡವೆ ಕಂಡರೆ ಹೊಟ್ಟೆಯಲ್ಲಿ ಚುರ್ ಅನ್ನುತ್ತದೆ. ಮನೆ, ಕಾರು, ಮಕ್ಕಳ ಮಾರ್ಕ್ಸು, ಇದ್ಯಾವುದಕ್ಕೂ ಏನೂ ಆಗುವುದಿಲ್ಲ. ಪಕ್ಕದ ಮನೆಯವರು ಬೇಸಿಗೆ ಮನೆ ಕೊಂಡರು, ದೋಣಿ ಕೊಂಡರು, ನಾನು ಮನಸ್ಸು ಬಿಚ್ಚಿ ಸಂತೋಷಪಟ್ಟೆ. ಅದೇ ಮನೆಯಾಕೆ ಕಿವಿಗೆ ಹೊಸದೊಂದು ಜೊತೆ ಹಾಕಿಕೊಂಡು ಲಿಫ್ಟಿನಲ್ಲಿ ಸಿಕ್ಕಿದರೆ ಮೂರನೇ ಮಹಡಿ ಬರುವಷ್ಟರಲ್ಲಿ ನನ್ನ ಮುಖ ಸೊಟ್ಟಗಾಗಿರುತ್ತದೆ.

ಇದು ಹುಟ್ಟುಗುಣ. ನನಗೆ ಎಂಟು ವರ್ಷ ಇದ್ದಾಗ ಚಿಕ್ಕಪ್ಪನ ಮಗಳು ರಶ್ಮಿ ಬೊಂಬಾಯಿಯಿಂದ ಬಂದಿದ್ದಳು. ಕಿವಿಯಲ್ಲಿ ಕೆಂಪು ಹರಳಿನ ಓಲೆ. ತಲೆ ಅಲ್ಲಾಡಿಸಿದರೆ ಗೋಡೆಯ ಮೇಲೆ ಕೆಂಪು ಚುಕ್ಕಿ ಕುಣಿಯುತ್ತಿತ್ತು. ನಮ್ಮ ವಠಾರದ ಹುಡುಗಿಯರೆಲ್ಲ ಅವಳ ಹಿಂದೆ. ಅವಳು ಬೇಕೂಂತಲೇ ಬಿಸಿಲಲ್ಲಿ ನಿಂತು ತಲೆ ಅಲ್ಲಾಡಿಸುತ್ತಿದ್ದಳು, ನನಗೆ ಗೊತ್ತಿತ್ತು. ಎರಡು ದಿನ ತಡೆದುಕೊಂಡೆ. ಮೂರನೇ ದಿನ ಎಲ್ಲರೂ ಊಟಕ್ಕೆ ಕೂತಾಗ ಗಟ್ಟಿಯಾಗಿ, "ಅದು ಗಾಜು ಕಣೇ, ಬಳೆ ಚೂರು" ಅಂದುಬಿಟ್ಟೆ. ಚಿಕ್ಕಮ್ಮನ ಮುಖ ಕಪ್ಪಿಟ್ಟಿತು. ರಶ್ಮಿ ಅನ್ನದ ಮುಂದೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಅದು ನಿಜಕ್ಕೂ ಗಾಜೇ ಆಗಿತ್ತು, ಆದ್ದರಿಂದ ನನಗೆ ಭೇಷ್ ಅನ್ನುತ್ತಾರೆ ಅಂದುಕೊಂಡಿದ್ದೆ. ಅಮ್ಮ ಹಿತ್ತಲಿಗೆ ಎಳೆದುಕೊಂಡು ಹೋಗಿ ಬೆನ್ನಿಗೆ ಒಂದು ಬಿಟ್ಟಳು. "ಗಾಜಾದ್ರೆ ನಿಂಗೇನೇ? ಅವಳು ಹಾಕ್ಕೊಂಡು ಖುಷಿಯಾಗಿದ್ದಳಲ್ಲ, ಅದು ನಿಂಗೆ ಚುಚ್ಚತ್ತಾ?" ಅಂದಳು. ಚುಚ್ಚುತ್ತಿತ್ತು, ಅದನ್ನು ಹೇಳುವ ಧೈರ್ಯ ಆಗಲಿಲ್ಲ ಅಷ್ಟೆ.

ಅಮ್ಮನ ಮಾತು ಬಂತು, ಅಂಟುವಾಳದ ಕಾಯಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ವಠಾರದಲ್ಲಿ ಆರು ಮನೆ. ಆರೂ ಮನೆಗೆ ಸೇರಿ ನೋಡುವಂಥ ಒಡವೆ ನಾಲ್ಕೈದು ಇದ್ದಿರಬಹುದು. ಯಾರ ಮನೆಯ ಹೆಂಗಸು ಮದುವೆಗೆ ಹೊರಟರೂ ಆ ನಾಲ್ಕೈದೂ ಅವಳ ಮೈಮೇಲೆ. ಮುಂದಿನ ಮನೆ ಶಾರದಮ್ಮನವರ ಹಸಿರು ಕಲ್ಲಿನ ಅಡ್ಡಿಕೆಯನ್ನು ಶಾರದಮ್ಮನವರಿಗಿಂತ ನಮ್ಮಮ್ಮನೇ ಹೆಚ್ಚು ಹಾಕಿಕೊಂಡಿದ್ದಾಳೆ. ಆದರೆ ಎರವಲು ತಂದ ಒಡವೆಯನ್ನು ಹಾಗೇ ವಾಪಸು ಕೊಡುವ ಹಾಗಿರಲಿಲ್ಲ. ರಾತ್ರಿ ಅಂಟುವಾಳದ ಕಾಯಿ ನೆನೆಸಿದ ನೀರಿನಲ್ಲಿ ಹಾಕಿಡಬೇಕು. ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಸಂದುಗೊಂದು ತಿಕ್ಕಬೇಕು. ಬೆಳ್ಳಿಯಾದರೆ ಮೇಲಿಂದ ವಿಭೂತಿ. ಆಮೇಲೆ ಅಪ್ಪನ ಹಳೇ ಪಂಚೆಯ ಮೇಲೆ ಹರಡಿ ಒಣಗಿಸಿ, ಚೂರು ಕುಂಕುಮ ಇಟ್ಟು ಕೊಡಬೇಕು. "ತಂದಾಗ ಇದ್ದದ್ದಕ್ಕಿಂತ ಒಂದು ಗುಲಗಂಜಿ ಜಾಸ್ತಿ ಹೊಳೀಬೇಕು. ಆಗಲೇ ಇನ್ನೊಂದು ಸಲ ಕೇಳೋಕೆ ಮುಖ ಇರತ್ತೆ" ಅನ್ನುತ್ತಿದ್ದಳು.

ಇನ್ನು ಲವೀನಾ. ಮಂಗಳೂರು ಕಡೆಯ ಕ್ರಿಶ್ಚಿಯನ್ ಹುಡುಗಿ. ಹುಡುಗಿ ಏನು ಬಂತು, ನನ್ನದೇ ವಯಸ್ಸು, ನಲವತ್ತೆರಡು. ಲಾರಿ ಕಾರ್ಖಾನೆಯಲ್ಲಿ ಡಿಸೈನ್ ಎಂಜಿನಿಯರ್. ನಾವು ಬಂದ ಮೊದಲ ಚಳಿಗಾಲದಲ್ಲಿ ಪರ್ಸೊನ್‌ನುಮ್ಮರ್ ಅನ್ನುವ ಗುರುತಿನ ಸಂಖ್ಯೆ ಕೂಡ ಸಿಕ್ಕಿರಲಿಲ್ಲ, ಅದಿಲ್ಲದೆ ಈ ದೇಶದಲ್ಲಿ ಲೈಬ್ರರಿ ಕಾರ್ಡೂ ಇಲ್ಲ. ಬೆಂಗಳೂರಿನಲ್ಲಿ ಕೊಂಡಿದ್ದ ಜಾಕೆಟ್ಟು ಇಲ್ಲಿನ ಗಾಳಿಗೆ ಕರ್ಚೀಫಿಗೆ ಸಮ. ಬಸ್ ಸ್ಟಾಪಿನಲ್ಲಿ ನಾನು ಗಡಗಡ ನಡುಗುತ್ತಾ ಗಂಡನನ್ನು ಕನ್ನಡದಲ್ಲಿ ಬೈಯುತ್ತಿದ್ದಾಗ ಹಿಂದಿನಿಂದ ಒಂದು ದನಿ, "ಬೈದರೆ ಬೆಚ್ಚಗಾಗುದಿಲ್ಲ ಮಾರಾಯ್ತಿ, ನಮ್ಮ ಮನೆ ಇಲ್ಲೇ ಉಂಟು, ಬಾ" ಅಂತು. ಅವತ್ತೇ ತನ್ನ ಎರಡನೇ ಕೋಟು ಕೊಟ್ಟು ಕಳಿಸಿದಳು. ಹೆಸರು ಕೇಳಿದ್ದು ಆಮೇಲೆ. ಆ ಕೋಟಿನಲ್ಲಿ ನಾನು ಎರಡು ಚಳಿಗಾಲ ಕಳೆದೆ. ನಮ್ಮ ಅನಘಾ ಹುಟ್ಟಿದ ದಿನ ಆಸ್ಪತ್ರೆಗೆ ಮೆಂತ್ಯದ ಗಂಜಿ ತಂದವಳು ಅವಳು. ಈಗಲೂ ನನಗೆ ಲ್ಯಾಬಿನಲ್ಲಿ ತಡವಾದರೆ ಮಗಳನ್ನು ಸ್ಕೂಲಿನಿಂದ ಕರೆದುಕೊಂಡು ಬರುವವಳು ಅವಳೇ. ಈ ಊರಿನಲ್ಲಿ ನನಗೆ ಅಕ್ಕ ತಂಗಿ ಅಂತ ಇದ್ದರೆ ಅವಳೊಬ್ಬಳೇ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಮುಂದೆ ನಾನು ಮಾಡಿದ್ದನ್ನು ಓದುವಾಗ ನೀವು ಇದನ್ನು ಮರೆಯಬಾರದು.

ಹೋದ ವರ್ಷ ಯುಗಾದಿಗೆ ಕೊಮ್ಯೂನಿನ, ಅಂದರೆ ಇಲ್ಲಿನ ನಗರಸಭೆಯ, ಹಾಲ್ ಬಾಡಿಗೆಗೆ ಹಿಡಿದು ಎಲ್ಲರೂ ಊಟ ಇಟ್ಟುಕೊಂಡಿದ್ದೆವು. ನಾನು ಹೊಸ ಮೈಸೂರು ಸಿಲ್ಕ್ ಉಟ್ಟಿದ್ದೆ, ರಾಮರ್ ನೀಲಿ, ದೊಡ್ಡ ಅಂಚು. ಹೊರಗೆ ಹಿಮ ಕರಗಿ ಕೆಸರು, ಆದರೂ ನೆರಿಗೆ ಎತ್ತಿಕೊಂಡು ಬೂಟಿನಲ್ಲಿ ಬಂದು, ಬಾಗಿಲಲ್ಲಿ ಚಪ್ಪಲಿ ಬದಲಾಯಿಸಿ, ಒಳ್ಳೇ ಠೀವಿಯಿಂದ ಒಳಗೆ ಕಾಲಿಟ್ಟೆ. ಒಬ್ಬರೂ ತಿರುಗಿ ನೋಡಲಿಲ್ಲ. ಎಲ್ಲರೂ ಕಿಟಕಿಯ ಹತ್ತಿರ ಗುಂಪುಗೂಡಿದ್ದರು. ಮಧ್ಯದಲ್ಲಿ ಲವೀನಾ. ಬರೀ ಕಪ್ಪು ಕಾಟನ್ ಕುರ್ತಾ. ಕೊರಳಲ್ಲಿ ಆ ಸರ.

ಬೆಳ್ಳಿಯ ಗುಂಡುಗಳು, ಮಧ್ಯೆ ಮಧ್ಯೆ ಅರಳುತ್ತಿರುವ ಮೊಗ್ಗಿನಂಥ ಬೆಳ್ಳಿಯ ಹೂ, ಕೆಳಗೆ ತಲೆಕೆಳಗಾದ ಅರ್ಧಚಂದ್ರ. ಅದರಲ್ಲಿ ಏಳು ನೀಲಿ ಹರಳು, ಎರಡು ತುದಿಗೆ ಒಂದೊಂದು ಹವಳ. ನಮ್ಮ ಕೆಂಪು ಹಸಿರು ಹರಳಿನ ಹಾಗೆ ಮಿಂಚುವುದಿಲ್ಲ ಅದು. ಬೆಳಕು ಆಚೆಯಿಂದ ಈಚೆಗೆ ಹಾಯುವುದಿಲ್ಲ. ಸುಮ್ಮನೆ ನೀಲಿ. ದಸರಾ ಕಳೆದ ಮೇಲೆ ಮೈಸೂರಿನ ಆಕಾಶ ಇರುತ್ತದಲ್ಲ, ಆ ನೀಲಿ.

"ಟರ್ಕೋಯಿಸ್ ಅಂತೆ ಕಣೇ ಸುಮಾ! ನಮ್ಮ ಉತ್ತರದವರು ಫಿರೋಜಾ ಅಂತಾರಲ್ಲ, ಅದು" ಅಂದರು ವಿಜಯಕ್ಕ. ಎಸ್ಕಿಲ್‌ಸ್ಟುನಾದ ಈ ವಿಜಯಕ್ಕ ನಮ್ಮ ಗುಂಪಿಗೆ ಹಿರಿಯರು, ಯಾರು ಏನು ಉಟ್ಟರು ತೊಟ್ಟರು ಅನ್ನುವುದಕ್ಕೆ ಅವರದೇ ಸರ್ಟಿಫಿಕೇಟು. "ಅರಿಜೋನಾದಿಂದ ಬಂದಿದ್ದು."

ಲವೀನಾಳ ಗಂಡ ವಿಲ್ಸನ್ನನ್ನು ಕಂಪನಿಯವರು ಒಂದು ವರ್ಷ ಅಮೆರಿಕದ ಅರಿಜೋನಾ ಮರುಭೂಮಿಗೆ ಕಳಿಸಿದ್ದರು, ಬಿಸಿಲಿನಲ್ಲಿ ಲಾರಿ ಓಡಿಸಿ ಪರೀಕ್ಷೆ ಮಾಡುವುದಕ್ಕೆ. ಬರುವಾಗ ಅವನು ರಸ್ತೆ ಬದಿಯಲ್ಲಿ ನವಾಹೋ ಬುಡಕಟ್ಟಿನ ಒಬ್ಬ ಅಕ್ಕಸಾಲಿ ಅಜ್ಜಿಯ ಹತ್ತಿರ ಇದನ್ನು ತಂದಿದ್ದ. ಆಕೆಯೇ ಕೂತು ಮಾಡಿದ್ದಂತೆ. ಹರಳು ಯಾವ ಗಣಿಯದ್ದು ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ನಮ್ಮವರೂ ಅದೇ ಕಾರ್ಖಾನೆ. ನಮ್ಮವರನ್ನು ಲಾರಿ ಪರೀಕ್ಷೆಗೆ ಕಳಿಸಿದ್ದು ಈ ದೇಶದ ಉತ್ತರದ ಲುಲೆಯೊ ಕಡೆಗೆ, ಹಿಮಕ್ಕೆ. ಅಲ್ಲಿಂದ ಅವರು ತಂದದ್ದು ಒಣಗಿಸಿದ ಹಿಮಸಾರಂಗದ ಮಾಂಸ, ಅದೂ ಸಸ್ಯಾಹಾರಿಯ ಮನೆಗೆ, ಯಾರೋ ಕೊಟ್ಟರು ಅಂತ.

"ಚೆನ್ನಾಗಿದೆ" ಅಂದೆ ಲವೀನಾಗೆ. ಒಂದೇ ಪದ, ಅದಕ್ಕಿಂತ ಹೆಚ್ಚು ಖರ್ಚು ಮಾಡಲಿಲ್ಲ.

"ನಿನ್ನ ಸೀರೆ ಎಷ್ಟು ಲಾಯ್ಕ ಉಂಟು" ಅಂದಳು ಅವಳು. ಸೀರೆ ನೋಡಿದವಳು ಅವಳೊಬ್ಬಳೇ. ಅದಕ್ಕೂ ನನಗೆ ಸಿಟ್ಟು ಬಂತು.

ಮನೆಗೆ ಬಂದವಳು ಸೀರೆ ಕೂಡ ಬದಲಾಯಿಸದೆ ಲ್ಯಾಪ್‌ಟಾಪ್ ತೆಗೆದೆ. ಮುಂದಿನ ಎರಡು ತಿಂಗಳಲ್ಲಿ ನಾನು ಟರ್ಕೋಯಿಸ್ ಪಂಡಿತೆಯಾದೆ. ಅಸೂಯೆ ಕಲಿಸಿದಷ್ಟು ವಿದ್ಯೆ ನನಗೆ ಯಾವ ಕಾಲೇಜೂ ಕಲಿಸಿಲ್ಲ. ಆ ಕಡೆ ಒಂದೊಂದು ಗಣಿಗೂ ಒಂದೊಂದು ಬಣ್ಣವಂತೆ. ಬಿಸ್‌ಬಿ ಅನ್ನುವ ಊರಿನದು ಗಾಢ ನೀಲಿ, ಮೈಮೇಲೆ ಚಾಕೊಲೇಟ್ ಬಣ್ಣದ ಗೆರೆ. ಕಿಂಗ್‌ಮನ್‌ನದಕ್ಕೆ ಕಪ್ಪು ಗೆರೆ. ರಾಯ್‌ಸ್ಟನ್ ಒಂದು ತುದಿಯಲ್ಲಿ ನೀಲಿ, ಇನ್ನೊಂದು ತುದಿಗೆ ಬರುವಷ್ಟರಲ್ಲಿ ಹಸಿರು. ನಂಬರ್ ಏಯ್ಟ್ ಅಂತ ಒಂದಿದೆ, ಅದರ ಮೇಲೆ ಹೊಂಬಣ್ಣದ ಜೇಡರ ಬಲೆ. ಗೆರೆ ಇದ್ದರೆ ಕಳಪೆ ಅಂತ ನಾವು ತಿಳಿಯುತ್ತೇವೆ, ಅಲ್ಲಿ ಬಲೆ ಸಣ್ಣಗಿದ್ದಷ್ಟೂ ಜನ ಮುಗಿಬೀಳುತ್ತಾರೆ. ಹರಳಿನ ಜೊತೆಗೆ ಹವಳ, ಕಿತ್ತಳೆ ಬಣ್ಣದ ಮುಳ್ಳು ಚಿಪ್ಪು, ಮುತ್ತಿನ ಚಿಪ್ಪು, ಕಲ್ಲಿದ್ದಲಿನ ನೆಂಟನಂಥ ಜೆಟ್ ಅನ್ನುವ ಕಪ್ಪು ಕಲ್ಲು. ಲವೀನಾಳದ್ದು ಸ್ಲೀಪಿಂಗ್ ಬ್ಯೂಟಿ ಅನ್ನುವ ಗಣಿಯದ್ದು. ಮಲಗಿದ ಹೆಂಗಸಿನ ಹಾಗೆ ಕಾಣುವ ಗುಡ್ಡವಂತೆ. ಒಂದು ಗೆರೆ ಇಲ್ಲ, ಒಂದು ಚುಕ್ಕಿ ಇಲ್ಲ, ಬರೀ ನೀಲಿ. ಗಣಿಯಲ್ಲಿ ಈಗ ಹರಳು ತೆಗೆಯುವುದು ನಿಂತುಹೋಗಿದೆಯಂತೆ. ಅಂದರೆ ನಾನು ತಲೆಕೆಳಗಾಗಿ ನಿಂತರೂ ಅಂಥದ್ದು ನನಗೆ ಹೊಸದಾಗಿ ಸಿಗುವುದಿಲ್ಲ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

"ಹೋಗ್ಲಿ ಬಿಡಿ, ನಮ್ಮ ನವರತ್ನದಲ್ಲಿ ಅದಕ್ಕೆ ಜಾಗವೇ ಇಲ್ಲ" ಅಂದೆ ಗಂಡನಿಗೆ.

"ನವರತ್ನದಲ್ಲಿ ಇರೋ ಒಂಬತ್ತೂ ನಿನ್ನ ಹತ್ರ ಇದ್ಯಾ?" ಅಂದರು ಗಿರೀಶ. ಇವರ ಹತ್ತಿರ ಹೇಳಿದ್ದು ನನ್ನ ತಪ್ಪು.

ಓದುತ್ತಾ ಹೋದಂತೆ ಒಂದು ಸಮಾಧಾನದ ವಿಷಯ ಸಿಕ್ಕಿತು. ಈ ಹರಳಿನಲ್ಲಿ ನಕಲಿ ಬಹಳವಂತೆ. ಹೌಲೈಟ್ ಅಂತ ಒಂದು ಬಿಳಿ ಕಲ್ಲಿದೆ, ಅದಕ್ಕೆ ನೀಲಿ ಬಣ್ಣ ಕುಡಿಸಿ ಮಾರುತ್ತಾರೆ. ಹರಳಿನ ಪುಡಿಗೆ ಅಂಟು ಕಲಸಿ ಅಚ್ಚು ಒತ್ತುತ್ತಾರೆ. ಕೆಲವಂತೂ ಅಪ್ಪಟ ಪ್ಲಾಸ್ಟಿಕ್ಕು. ಅಸಲಿಯೋ ನಕಲಿಯೋ ತಿಳಿಯಬೇಕಾದರೆ ಹರಳಿನ ಹಿಂಭಾಗಕ್ಕೆ ಕಾಯಿಸಿದ ಸೂಜಿ ಮುಟ್ಟಿಸಬೇಕು. ಪ್ಲಾಸ್ಟಿಕ್ಕಾದರೆ ಕರಗಿ ವಾಸನೆ ಬರುತ್ತದೆ. ನಾನು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬೆಳಗಿನಿಂದ ಸಂಜೆವರೆಗೆ ಮಾತ್ರೆಯಲ್ಲಿ ಇರಬೇಕಾದ್ದು ಇದೆಯೋ ಇಲ್ಲವೋ ಅಂತ ನೋಡುವುದೇ ಕಸುಬು. ಪಾಪ, ವಿಲ್ಸನ್ ಲಾರಿ ಬಿಟ್ಟರೆ ಏನೂ ಗೊತ್ತಿಲ್ಲದ ಮನುಷ್ಯ, ರಸ್ತೆ ಬದಿಯಲ್ಲಿ ಯಾರೋ ಟೋಪಿ ಹಾಕಿರಬೇಕು ಅಂತ ನನಗೆ ಅನ್ನಿಸತೊಡಗಿತು. ಅನ್ನಿಸತೊಡಗಿತು ಅನ್ನುವುದೂ ಸುಳ್ಳು. ಹಾಗೇ ಆಗಿರಲಪ್ಪಾ ಅಂತ ಆಸೆಪಟ್ಟೆ.

ಆದರೆ ಸರ ಕೈಗೆ ಸಿಗಬೇಕಲ್ಲ. ಸಿಕ್ಕಿತು, ಶ್ರಾವಣದಲ್ಲಿ. ಅದರ ಹಿಂದಿನ ವರ್ಷ ನಮ್ಮ ಮನೆಯ ಕಳಶದ ಫೋಟೋ ಗ್ರೂಪಿಗೆ ಹಾಕಿದಾಗ ವಿಜಯಕ್ಕ, "ಲಕ್ಷ್ಮಿ ಈ ಸಲ ಸಿಂಪಲ್ಲಾಗಿದ್ದಾಳೆ" ಅಂತ ಬರೆದಿದ್ದರು. ಅದು ಮನಸ್ಸಿನಲ್ಲೇ ಕೂತಿತ್ತು. ಹಬ್ಬಕ್ಕೆ ವಾರವಿದ್ದಾಗ ಲವೀನಾಗೆ ಫೋನ್ ಮಾಡಿದೆ. "ನಮ್ಮ ಲಕ್ಷ್ಮಿಗೆ ಹಾಕೋಕೆ ನಿನ್ನ ಸರ ಎರಡು ದಿನಕ್ಕೆ ಕೊಡ್ತೀಯಾ?" ಅಂತ ಕೇಳಿದೆ. ಅರ್ಧ ಲಕ್ಷ್ಮಿಗೋಸ್ಕರ, ಇನ್ನರ್ಧ ಸೂಜಿಗೋಸ್ಕರ.

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಗುರುವಾರ ಕೆಲಸ ಮುಗಿಸಿ ತಾನೇ ಡಬ್ಬಿ ಹಿಡಿದುಕೊಂಡು ಬಂದಳು. "ನಮ್ಮ ಊರಲ್ಲಿ ಮೊಂತಿ ಹಬ್ಬಕ್ಕೆ ಮರಿಯಮ್ಮನಿಗೆ ನಾವು ಹೂ ಹಾಕುದು. ಸರ ಹಾಕುದು ಇದೇ ಮೊದಲು" ಅಂದಳು. ಕಳಶದ ಮುಂದೆ ಕೂತು, ತೆಂಗಿನಕಾಯಿಗೆ ಕೂರಿಸಿದ ಬೆಳ್ಳಿ ಮುಖ ನೋಡಿ, "ಎಷ್ಟು ಚಂದ ಇದ್ದಾಳೆ" ಅಂದಳು. ನಾನಾಗಿದ್ದರೆ ಹೀಗೆ ಕೊಡುತ್ತಿದ್ದೆನಾ? ಬೀಗದ ಕೈ ಕಳೆದುಹೋಗಿದೆ ಅಂತ ಸುಳ್ಳು ಹೇಳುತ್ತಿದ್ದೆ. ಇದು ಹೊಳೆದು ಹೊಟ್ಟೆಕಿಚ್ಚು ಇನ್ನೂ ಜಾಸ್ತಿಯಾಯಿತು. ಹರಳೂ ಅವಳಿಗೇ, ಒಳ್ಳೆಯ ಗುಣವೂ ಅವಳಿಗೇ!

ಅವಳು ಹೋದ ತಕ್ಷಣ ಸೂಜಿ ತೆಗೆದೆ. ನಮ್ಮದು ಇಂಡಕ್ಷನ್ ಒಲೆ. ಇಕ್ಕಳದಲ್ಲಿ ಸೂಜಿಯನ್ನು ಒಲೆಯ ಮೇಲೆ ಹಿಡಿದುಕೊಂಡು ಐದು ನಿಮಿಷ ಪೆದ್ದಿಯ ಹಾಗೆ ನಿಂತೆ. ಅದು ಪಾತ್ರೆ ಇಲ್ಲ ಅಂತ ಕುಯ್ಯೋ ಕುಯ್ಯೋ ಅಂದಿತೇ ಹೊರತು ಸೂಜಿ ಬೆಚ್ಚಗೂ ಆಗಲಿಲ್ಲ. ಮನೆಯಲ್ಲಿ ಬೆಂಕಿ ಅಂತ ಇದ್ದದ್ದು ಒಂದೇ ಕಡೆ, ಲಕ್ಷ್ಮಿಯ ಮುಂದಿನ ದೀಪದಲ್ಲಿ. ಅಲ್ಲಿಗೇ ಹೋದೆ. ಸೂಜಿಯನ್ನು ಕುಡಿಯ ಹತ್ತಿರ ಒಯ್ದು ತಲೆ ಎತ್ತಿದರೆ ಬೆಳ್ಳಿ ಮುಖ ನನ್ನನ್ನೇ ನೋಡುತ್ತಿತ್ತು. ಅದು ಯಾವಾಗಲೂ ಎದುರಿಗಿದ್ದವರನ್ನೇ ನೋಡುತ್ತದೆ, ಮಾಡಿಸಿದ್ದೇ ಹಾಗೆ. ಆದರೂ ಸೂಜಿಯನ್ನು ಹಿಂದಕ್ಕೆ ತೆಗೆದೆ. ಬೆನ್ನ ಮೇಲೆ ಅಮ್ಮನ ಏಟು ಬಿದ್ದ ಜಾಗ ಚುರುಗುಟ್ಟಿತು. ಸೂಜಿಯನ್ನು ಹೊಲಿಗೆ ಡಬ್ಬಿಗೆ ಹಾಕಿ, ಸರವನ್ನು ಲಕ್ಷ್ಮಿಗೆ ಹಾಕಿದೆ.

ಶುಕ್ರವಾರ ಸಂಜೆ ಇಪ್ಪತ್ತು ಜನ ಹೆಂಗಸರು. ನಾನು ಅರ್ಧ ದಿನ ರಜೆ ಹಾಕಿ ಎಂಬತ್ತು ಒಬ್ಬಟ್ಟು ತಟ್ಟಿದ್ದೆ. ಯಾರೂ ಒಬ್ಬಟ್ಟಿನ ಮಾತೆತ್ತಲಿಲ್ಲ. "ಅಯ್ಯೋ, ಇದು ಲವೀನಾದಲ್ವಾ? ಲಕ್ಷ್ಮಿಗೆ ಏನು ಒಪ್ಪಿದೆ ಅಂತೀರಿ!" ಬಂದವರೆಲ್ಲ ಇದೇ ಮಾತು. ಫೋಟೋ ತೆಗೆದದ್ದೇ ತೆಗೆದದ್ದು. ಆರತಿ ಎತ್ತುವಾಗ ನನಗೆ ಲಕ್ಷ್ಮಿಯ ಮೇಲೂ ಹೊಟ್ಟೆ ಉರಿಯಿತು. ನಮ್ಮ ಮನೆ ದೇವರ ಮೇಲೆ ನನಗೇ ಅಸೂಯೆ, ಇದಕ್ಕೇನಂತೀರಿ? ಅರಿಶಿನ ಕುಂಕುಮ ಏರಿಸುವ ಭರಾಟೆಯಲ್ಲಿ ಸರದ ಮೇಲೆಲ್ಲ ಪುಡಿ ಬಿತ್ತು. ಪಂಚಾಮೃತವೂ ಎರಡು ಹನಿ ಸಿಡಿದಿತ್ತು.

ಶನಿವಾರ ಕಳಶ ಕದಲಿಸಿದ ಮೇಲೆ ಸರ ನೋಡಿದೆ. ಹೂವಿನ ಸಂದಿಯಲ್ಲೆಲ್ಲ ಅರಿಶಿನ. ಬೆಳ್ಳಿಯ ಗೆರೆಗಳಲ್ಲಿ ಕಪ್ಪು ಬೇರೆ ಕೂತಿತ್ತು. ಮನಸ್ಸಿನಲ್ಲಿ ಎಷ್ಟೊಂದು ಕೆಟ್ಟದ್ದು ಯೋಚಿಸಿದ್ದೆ, ಅದನ್ನೆಲ್ಲ ತೊಳೆದುಕೊಳ್ಳುವವಳ ಹಾಗೆ, ಶಾರದಮ್ಮನವರ ಅಡ್ಡಿಕೆಗೆ ಅಮ್ಮ ಮಾಡುತ್ತಿದ್ದುದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಮಾಡಿದೆ. ಅಂಟುವಾಳದ ಕಾಯಿ ಕುದಿಸಿ, ಬೆಳ್ಳಿಗೆ ಒಳ್ಳೆಯದು ಅಂತ ಚೂರು ಹುಣಸೆಹಣ್ಣು ಕಿವುಚಿ, ಸರವನ್ನು ಅದರಲ್ಲಿ ಮುಳುಗಿಸಿಟ್ಟೆ. ಭಾನುವಾರ ಬೆಳಿಗ್ಗೆ ಬ್ರಶ್ಶು, ವಿಭೂತಿ. ಬೆಳ್ಳಿ ಫಳಫಳ ಅಂತು. ಕಿಟಕಿಯ ಹತ್ತಿರ ಟವೆಲಿನ ಮೇಲೆ ಹರಡಿ, ಏನೋ ಸಾಧಿಸಿದವಳ ಹಾಗೆ ಕಾಫಿಗೆ ಇಟ್ಟೆ.

"ದೆನ್ ಎರ್ ಗ್ರೋನ್, ಮಮ್ಮಾ!" ಅಂತ ಅನಘಾ ಕೂಗಿದಳು. ಹತ್ತು ವರ್ಷದ ಮಗಳು, ಗಾಬರಿಯಾದರೆ ಅವಳ ಬಾಯಲ್ಲಿ ಸ್ವೀಡಿಷೇ ಬರುವುದು. ಹಸಿರಾಗಿದೆ ಅನ್ನುತ್ತಿದ್ದಳು.

ಓಡಿಬಂದು ನೋಡಿದೆ. ಹವಳ ಮಸುಕಾಗಿತ್ತು. ಏಳಕ್ಕೆ ಏಳೂ ಹರಳು ಹಸಿರು. ಎಲ್ಲ ಒಂದೇ ಹಸಿರೂ ಅಲ್ಲ, ಒಂದು ಎಳೆ ಬಾಳೆಲೆ, ಒಂದು ಪಾಚಿ, ಮಧ್ಯದ ದೊಡ್ಡದು ಅರ್ಧ ಹಸಿರು ಅರ್ಧ ನೀಲಿ. ಟರ್ಕೋಯಿಸ್ ಮೈತುಂಬ ಕಣ್ಣಿಗೆ ಕಾಣದ ತೂತು, ಎಣ್ಣೆ ಸೋಪು ಹುಳಿ ಏನು ಸಿಕ್ಕರೂ ಕುಡಿಯುತ್ತದೆ ಅಂತ ನಾನೇ ಓದಿದ್ದೆ. ಅರಿಶಿನದ ನೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದೆ. ನೀಲಿಗೆ ಹಳದಿ ಸೇರಿದರೆ ಏನಾಗುತ್ತದೆ ಅಂತ ದಾಗಿಸ್‌ ಅನ್ನುವ ಶಿಶುವಿಹಾರಕ್ಕೆ ಹೋಗುವ ಕೂಸಿಗೂ ಗೊತ್ತು, ಲ್ಯಾಬಿನಲ್ಲಿ ಹದಿನೈದು ವರ್ಷ ಕಳೆದ ನನಗೆ ಗೊತ್ತಾಗಲಿಲ್ಲ. ಬೆಳ್ಳಿಯ ಗೆರೆಯ ಕಪ್ಪು ಕೊಳೆಯಲ್ಲ, ಆ ಅಜ್ಜಿ ಚಿತ್ತಾರ ಎದ್ದು ಕಾಣಲಿ ಅಂತ ಬೇಕೆಂದೇ ಉಳಿಸಿದ್ದು ಅನ್ನುವುದೂ ಆಗಲೇ ನೆನಪಾಗಬೇಕೇ!

ಎರಡು ತಿಂಗಳು ಅಸಲಿಯಾಗದಿರಲಿ ಅಂತ ಹಾರೈಸಿದ್ದೆ. ಈಗ ಅಲ್ಲೇ ನೆಲದ ಮೇಲೆ ಕೂತು, "ತಾಯಿ, ಇದು ನಕಲಿಯೇ ಆಗಿರಲಿ" ಅಂತ ನಿಜವಾದ ಭಕ್ತಿಯಿಂದ ಬೇಡಿಕೊಂಡೆ. ಆದರೆ ಉತ್ತರ ಕಣ್ಣೆದುರಿಗೇ ಇತ್ತು. ಪ್ಲಾಸ್ಟಿಕ್ಕಾಗಿದ್ದರೆ, ಅಂಟು ಕುಡಿಸಿದ್ದಾಗಿದ್ದರೆ, ಅದು ಅಂಟುವಾಳಕ್ಕೆ ಜಗ್ಗುತ್ತಲೇ ಇರಲಿಲ್ಲ. ಇಷ್ಟು ಹಸಿರಾಗಬೇಕಾದರೆ ಅದು ಅಪ್ಪಟ ಅಸಲಿಯೇ ಆಗಿರಬೇಕು. ಸೂಜಿ ಬೇಡ ಅಂತ ಬಿಟ್ಟವಳು ಅದಕ್ಕಿಂತ ದೊಡ್ಡ ಪರೀಕ್ಷೆ ಮಾಡಿ ಮುಗಿಸಿದ್ದೆ.

ಅವತ್ತೇ ಹೋಗಿ ಹೇಳಿದೆ. ಲವೀನಾ ಫೀಕಾಕ್ಕೆ, ಅಂದರೆ ಇಲ್ಲಿನವರ ಕಾಫಿ ತಿಂಡಿಗೆ, ಅಂತ ಏಲಕ್ಕಿ ಬನ್ನು ಬಿಸಿ ಮಾಡಿಟ್ಟಿದ್ದಳು. ಡಬ್ಬಿ ತೆಗೆದು ಅವಳ ಮುಂದೆ ಇಟ್ಟೆ. ನೋಡಿದಳು.

"ಎಂಥ ಆಯ್ತು ಇದು?"

"ತೊಳೆದೆ ಕಣೇ. ಅಂಟುವಾಳದ ಕಾಯಿ ಹಾಕಿ."

"ತೊಳೆದದ್ದು ಯಾಕೆ?"

"ಎರವಲು ತಂದದ್ದನ್ನ ತೊಳೀದೆ ಕೊಡಬಾರದು, ಅದಕ್ಕೆ."

ಅವಳ ತುಟಿ ನಗುವುದಕ್ಕೆ ಹೊರಟಿತ್ತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ನನಗೆ ಅಳು ಬಂದುಬಿಟ್ಟಿತ್ತು, ಅಳು ಬಂದರೆ ನಾನು ಕೇಳದ್ದನ್ನೂ ಹೇಳುವವಳು. ಯುಗಾದಿಯ ದಿನದ ಉರಿ, ಹೌಲೈಟು, ಇಂಡಕ್ಷನ್ ಒಲೆ, ಸೂಜಿ, ಎಲ್ಲ ಹೇಳಿದೆ. "ಅದು ನಕಲಿ ಆಗ್ಲಿ ಅಂತ ದಿನಾ ಅಂದ್ಕೋತಿದ್ದೆ ಲವೀನಾ" ಅಂದೆ. ತುಟಿಯ ನಗು ಹಿಂದಕ್ಕೆ ಹೋಯಿತು. ಡಬ್ಬಿಯ ಮುಚ್ಚಳ ಮುಚ್ಚಿದಳು.

"ಸರಿ, ಬಿಡು" ಅಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅದಾದ ಮೇಲೆ ಎರಡೂವರೆ ತಿಂಗಳು. ಅನಘಾಳನ್ನು ಸ್ಕೂಲಿನಿಂದ ಕರೆದುಕೊಂಡು ಬರುತ್ತಿದ್ದಳು, ಕೆಳಗೆ ಬಾಗಿಲ ಹತ್ತಿರ ಬಿಟ್ಟು ಹೋಗುತ್ತಿದ್ದಳು. ಮೇಲೆ ಬರುತ್ತಿರಲಿಲ್ಲ. ಫೋನ್ ಮಾಡಿದರೆ ಮೀಟಿಂಗು. ನಾನು ಕಿಟಕಿಯಿಂದ ಅವಳ ಟೋಪಿ ಮೂಲೆ ತಿರುಗುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಹರಳು ಹೋದರೆ ಹೋಗಲಿ, ಇವಳು ಹೋದರೆ ನಾನು ಈ ಊರಿನಲ್ಲಿ ಯಾರನ್ನು ಅಂತ ಕನ್ನಡದಲ್ಲಿ ಬೈಯಲಿ, ಯಾರ ಹತ್ತಿರ ಅಳಲಿ? ಸ್ವೀಡನ್ನಿನ ಅಕ್ಟೋಬರು ಎಷ್ಟು ಉದ್ದ ಅಂತ ಗೊತ್ತಾದದ್ದು ಹೋದ ವರ್ಷವೇ.

ದೀಪಾವಳಿ ಊಟಕ್ಕೆ ಮತ್ತೆ ಅದೇ ಹಾಲ್. ಲವೀನಾ ಬಂದಳು. ಕೋಟು ಬಿಚ್ಚಿದಳು. ಅದೇ ಕಪ್ಪು ಕುರ್ತಾ, ಕೊರಳಲ್ಲಿ ಅದೇ ಸರ, ಹಸಿರು ಹರಳು.

"ಇದು ಇನ್ನೊಂದಾ? ಆ ನೀಲಿದಕ್ಕಿಂತ ಇದೇ ಎಷ್ಟೋ ಚೆನ್ನಾಗಿದೆ!" ವಿಜಯಕ್ಕ ಕನ್ನಡಕ ಮೇಲೇರಿಸಿ ಹತ್ತಿರ ಬಂದರು. "ಒಂದೊಂದು ಹರಳೂ ಒಂದೊಂದು ಥರ!"

"ಅದೇ ಅಕ್ಕ ಇದು. ಸುಮಾ ಅಂಟುವಾಳದ ಕಾಯಿ ಹಾಕಿ ಮಾಡಿಕೊಟ್ಟದ್ದು" ಅಂದಳು ಲವೀನಾ, ನನ್ನ ಕಡೆ ನೋಡದೆ.

ವಿಷಯ ಬಿಚ್ಚಿಕೊಂಡಿತು, ಹಾಲ್ ತುಂಬ ನಗು. ನಾನು ನೆಲ ಬಿರಿಯಬಾರದೇ ಅಂತ ನಿಂತಿದ್ದೆ. ಅಷ್ಟರಲ್ಲಿ ಒಬ್ಬಳು ಬಂದು ಮೆಲ್ಲಗೆ, "ನನ್ನ ಹತ್ರಾನೂ ಒಂದು ನೀಲಿ ಉಂಗುರ ಇದೆ, ಹಸಿರು ಮಾಡಿಕೊಡ್ತೀರಾ?" ಅಂತ ಕೇಳಿದಳು. ಮತ್ತೆ ನನ್ನ ಕಣ್ಣು ಲವೀನಾಳ ಕೊರಳಿಗೇ ಹೋಯಿತು. ನೀಲಿ ಇದ್ದಾಗ ಬರೀ ಚೆನ್ನಾಗಿತ್ತು. ಈ ಹಸಿರು ಅವಳ ಮೈಬಣ್ಣಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ನಾನು ಹಾಳು ಮಾಡಿದ್ದೇ ನನ್ನ ಹೊಟ್ಟೆ ಉರಿಸುತ್ತಿತ್ತು.

ಕೋಟು ತಗುಲಿಸುವ ಜಾಗದಲ್ಲಿ ಇಬ್ಬರೇ ಸಿಕ್ಕೆವು. "ಇನ್ನೂ ಕೋಪಾನಾ?" ಅಂದೆ.

"ಬಣ್ಣ ಹೋದದ್ದಕ್ಕೆ ನನಗೆ ಬೇಜಾರಿಲ್ಲ" ಅಂದಳು. "ವಿಲ್ಸನ್ ಹೇಳಿದ, ಹಾಕಿ ಹಾಕಿ ಬೆವರು ತಾಗಿ ಇದು ಹಸಿರಾಗ್ತದೆ ಅಂತ ಆ ಅಜ್ಜಿ ಮೊದಲೇ ಹೇಳಿದ್ದಳಂತೆ. ಇಪ್ಪತ್ತು ವರ್ಷ ಬೇಕಿತ್ತು. ನೀನು ಒಂದು ರಾತ್ರಿಯಲ್ಲಿ ಮಾಡಿದ್ದಿ. ಬೇಜಾರಾದದ್ದು ಬೇರೆ. ನಾನು ಇಷ್ಟು ಆಸೆಯಿಂದ ಹಾಕಿಕೊಂಡದ್ದನ್ನು ನೀನು ನಕಲಿ ಆಗ್ಲಿ ಅಂತ ಬಯಸಿದ್ದಿ ಅಲ್ವಾ, ಅದು."

ರಶ್ಮಿ ಅನ್ನದ ಮುಂದೆ ಕೂತು ಅತ್ತದ್ದು ಕಣ್ಣಿಗೆ ಕಟ್ಟಿತು. "ತಪ್ಪಾಯ್ತು" ಅಂದೆ. ಮೂವತ್ತು ಚಿಲ್ಲರೆ ವರ್ಷ ಬೇಕಾಯಿತು ಆ ಒಂದು ಮಾತು ಹೇಳಲು.

ಅವಳು ಕೂತು ಬೂಟಿನ ಲೇಸು ಕಟ್ಟಿದಳು. ಆಮೇಲೆ, "ಇನ್ನು ಮುಂದೆ ಹೊಟ್ಟೆಕಿಚ್ಚಾದರೆ ನನ್ನ ಹತ್ತಿರವೇ ಬಂದು ಹೇ‍ಳು. ಸೂಜಿ ಹತ್ತಿರ ಹೇಳಬೇಡ" ಅಂದಳು. ಮರುದಿನ ಅನಘಾಳ ಜೊತೆ ಮೇಲೆ ಬಂದಳು, ಎರಡು ಲೋಟ ಚಹಾ ಕುಡಿದಳು.

ಈ ವರ್ಷ ನಾನು ಸರ ಕೇಳಲಿಲ್ಲ, ಕೇಳುವ ಮುಖ ಇರಲಿಲ್ಲ. ಮೊನ್ನೆ ಗುರುವಾರ ಅವಳೇ ಬಂದು, ಕೈಕಾಲು ತೊಳೆದುಕೊಂಡು, ತನ್ನ ಕೊರಳಿಂದ ಬಿಚ್ಚಿ ಲಕ್ಷ್ಮಿಗೆ ಹಾಕಿದಳು. "ಹೇಗಿದೆಯೋ ಹಾಗೇ ಕೊಡು. ತೊಳೆದರೆ ನಿನ್ನ ಕೈ ಮುರೀತೇನೆ" ಅಂದಳು.

ಇವತ್ತು ಮಧ್ಯಾಹ್ನ ಕಳಶ ಕದಲಿಸಿದೆ. ಸರ ಕೈಯಲ್ಲಿತ್ತು, ಮನೆಯಲ್ಲಿ ಯಾರೂ ಹತ್ತಿರ ಇರಲಿಲ್ಲ. ಆಗ ಹೊಳೆಯಿತು, ಇಷ್ಟೆಲ್ಲ ರಾಮಾಯಣ ಆದರೂ ನಾನು ಇದನ್ನು ಒಂದು ಸಲವೂ ಹಾಕಿಕೊಂಡು ನೋಡಿರಲಿಲ್ಲ. ಕನ್ನಡಿಯ ಮುಂದೆ ನಿಂತು ಹಾಕಿಕೊಂಡೆ. ಈ ಕಡೆ ತಿರುಗಿದೆ, ಆ ಕಡೆ ತಿರುಗಿದೆ. ಸೆರಗು ಸರಿಮಾಡಿದೆ. ಒಪ್ಪಲಿಲ್ಲ. ಯಾರದೋ ಒಡವೆ ಹಾಕಿಕೊಂಡವಳ ಹಾಗೇ ಕಾಣುತ್ತಿದ್ದೆ. ಗಿರೀಶ ಹಾದುಹೋಗುತ್ತಾ, "ಚೆನ್ನಾಗಿದೆ" ಅಂದರು, ಮೊಬೈಲಿನಿಂದ ತಲೆ ಎತ್ತದೆ.

ಬಿಚ್ಚಿ ಡಬ್ಬಿಯಲ್ಲಿಟ್ಟೆ. ಹೂವಿನ ಸಂದಿಯಲ್ಲೆಲ್ಲ ಅರಿಶಿನ, ಅರ್ಧಚಂದ್ರದ ತುದಿಯಲ್ಲಿ ಕುಂಕುಮ. ಕೈ ತುರಿಸಿತು. ಅಂಟುವಾಳದ ಬಾಟಲಿಯನ್ನು ಎತ್ತಿ ಕಪಾಟಿನ ಹಿಂದಿನ ಮೂಲೆಗೆ ತಳ್ಳಿದೆ.

ನಾಲ್ಕಕ್ಕೆ ಸರಿಯಾಗಿ ಲವೀನಾ ಬಂದಳು. ಡಬ್ಬಿ ತೆರೆದು, ಬೆಳಕಿಗೆ ಹಿಡಿದು ನೋಡಿದಳು. "ತೊಳೆದಿಲ್ಲ ಅಲ್ವಾ?"

"ಇಲ್ಲ."

ನಿಂತಲ್ಲೇ, ಮಳೆ ಜಾಕೆಟ್ಟಿನ ಮೇಲೆಯೇ ಹಾಕಿಕೊಂಡಳು. ಅರಿಶಿನ ಉದುರಿ ಜಾಕೆಟ್ಟಿನ ಮೇಲೆ ಬಿತ್ತು, ಕೊಡವಿಕೊಳ್ಳಲಿಲ್ಲ. ಆ ಹಳೇ ಜಾಕೆಟ್ಟಿನ ಮೇಲೂ, ಕೆದರಿದ ತಲೆಗೂ, ಅದು ಅವಳಿಗೆ ಏನು ಒಪ್ಪುತ್ತಿತ್ತು ಅಂತೀರಿ!

"ಲವೀನಾ, ನಂಗೆ ಹೊಟ್ಟೆ ಉರೀತಿದೆ ಕಣೇ" ಅಂದೆ.

"ಗೊತ್ತು ಮಾರಾಯ್ತಿ" ಅಂದಳು. "ಚಹಾ ಇಡು."